ಚೀಟಿ ಎತ್ತುವ ಮುನ್ನ ಒಂದು ಮಾತು ಕೇಳಿ

ಸಿಂಧನೂರು ತಾಲೂಕಿನ ಧಡೇಸುಗೂರಿನಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಭತ್ತದ ಹೊಸ ತಳಿಯನ್ನು ಹಳೆಯದರ ಜೊತೆ ಹೋಲಿಸಿ ನೋಡುವಾಗ ಇಂಥ ಕಡೆ ಹೊಲವನ್ನು ಸಣ್ಣ ಸಣ್ಣ ಮಡಿಗಳಾಗಿ ಕತ್ತರಿಸುತ್ತಾರೆ. ಯಾವ ಮಡಿಗೆ ಯಾವ ತಳಿ ಎಂಬುದನ್ನು ವಿಜ್ಞಾನಿ ತನ್ನ ಇಷ್ಟದಂತೆ ಗೊತ್ತುಮಾಡುವುದಿಲ್ಲ. ಚೀಟಿ ಎತ್ತಿದ ಹಾಗೆ ಹಂಚುತ್ತಾರೆ. ಕಾರಣ ನಮ್ಮ ರೈತರಿಗೆ ಹೇಳಿಕೊಡಬೇಕಿಲ್ಲ. ಕಾಲುವೆ ಮಗ್ಗುಲಿನ ಮಡಿಗೆ ನೀರು ಧಾರಾಳ, ಇಳುಕಲಿನ ಮಡಿಗೆ ಸವುಳು ಹೆಚ್ಚು. ಒಳ್ಳೆಯ ಮಡಿಗಳನ್ನೆಲ್ಲ ಹೊಸ ತಳಿಗೇ ಕೊಟ್ಟುಬಿಟ್ಟರೆ, ಬಂದ ಇಳುವರಿ ತಳಿಯದೋ ಮಣ್ಣಿನದೋ ಗೊತ್ತಾಗುವುದಿಲ್ಲ. ಚೀಟಿ ಎತ್ತಿದರೆ ಒಳ್ಳೆಯ ಮಡಿ, ಕೆಟ್ಟ ಮಡಿ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಬೀಳುತ್ತವೆ. 1920ರ ದಶಕದಲ್ಲಿ ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ ಈ ಪದ್ಧತಿಯನ್ನು ಗಟ್ಟಿಯಾಗಿ ಕಟ್ಟಿಕೊಟ್ಟ. ಅಂದರೆ ಇವತ್ತು ಆಸ್ಪತ್ರೆಗಳಲ್ಲಿ ಔಷಧಗಳ ಗುಣ ಅಳೆಯಲು ಬಳಸುವ ಅತಿ ನಂಬಿಕೆಯ ವಿಧಾನ ಹುಟ್ಟಿದ್ದು ಹೊಲದಲ್ಲಿ.

ಹೊಲದಿಂದ ಅದು ಆಸ್ಪತ್ರೆಗೆ ಬಂದದ್ದು ಕ್ಷಯರೋಗದ ಮೂಲಕ. 1948ರಲ್ಲಿ ಬ್ರಿಟನ್ನಿನಲ್ಲಿ ಸ್ಟ್ರೆಪ್ಟೊಮೈಸಿನ್ ಪ್ರಯೋಗದ ವರದಿ ಪ್ರಕಟವಾಯಿತು. 107 ರೋಗಿಗಳಲ್ಲಿ 55 ಜನಕ್ಕೆ ಔಷಧ ಮತ್ತು ವಿಶ್ರಾಂತಿ, 52 ಜನಕ್ಕೆ ಬರೀ ವಿಶ್ರಾಂತಿ. ಯಾರಿಗೆ ಯಾವುದು ಎಂದು ಗೊತ್ತುಮಾಡಿದ್ದು ಮುಚ್ಚಿದ ಲಕೋಟೆ. ತಾವು ಇಂಥದೊಂದು ಪ್ರಯೋಗದಲ್ಲಿದ್ದೇವೆ ಎಂಬುದನ್ನು ಆ ರೋಗಿಗಳಿಗೆ ಯಾರೂ ಹೇಳಿರಲಿಲ್ಲ. ಮಡಿಯನ್ನು ಯಾರಾದರೂ ಕೇಳುತ್ತಾರೆಯೇ, ನಿನಗೆ ಸೋನಾ ಮಸೂರಿ ಬೇಕೋ ಬೇರೆ ತಳಿ ಬೇಕೋ ಅಂತ? ರೋಗಿಯನ್ನೂ ಆಗ ಹಾಗೇ ಕಂಡರು. ಈಗ ಕಾಲ ಬದಲಾಗಿದೆ, ಒಪ್ಪಿಗೆ ಇಲ್ಲದೆ ಯಾರನ್ನೂ ಪ್ರಯೋಗಕ್ಕೆ ಸೇರಿಸುವಂತಿಲ್ಲ. ಆದರೆ 'ಸೇರುತ್ತೀರಾ' ಎಂದು ಕೇಳುವುದು ಒಂದು, 'ನಿಮಗೆ ಯಾವುದು ಬೇಕಾಗಿತ್ತು' ಎಂದು ಕೇಳುವುದು ಇನ್ನೊಂದು. ಎರಡನೆಯ ಪ್ರಶ್ನೆ ಇವತ್ತಿಗೂ ಬಹಳ ಕಡೆ ಕೇಳದೆಯೇ ಉಳಿದುಹೋಗುತ್ತದೆ. ನನ್ನ ತಕರಾರು ಇರುವುದು ಅಲ್ಲಿ.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ದವಾಖಾನೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ನಡೆಯುತ್ತದೆ. ಅಂಥದೊಂದು ದಿನ ಮಸ್ಕಿ ಕಡೆ, ಸಂಬಂಧಿಕರ ಹುಡುಗಿಯೊಬ್ಬಳ ಜೊತೆಗೆ ಹೋಗಿ ಬೆಂಚಿನ ಮೇಲೆ ಕೂತಿದ್ದೆ. ಸಾಲಿನಲ್ಲಿ ನಾಲ್ಕೈದು ಮಂದಿಗೆ 'ರಕ್ತ ಕಮ್ಮಿ' ಎಂದು ಬಂದಿತ್ತು. ಒಬ್ಬಳು ಆಶಾ ಕಾರ್ಯಕರ್ತೆಯ ಸೆರಗು ಹಿಡಿದು, "ಅಕ್ಕಾ, ದಿನಾ ಗುಳಗಿ ನುಂಗಿದ್ರ ವಾಂತಿ ಬಂದಂಗಾಗ್ತೈತಿ, ಒಂದ್ ಬಾಟ್ಲಿ ಹಚ್ಚಿ ಕಳಿಸಿಬಿಡ್ರಿ" ಅಂದಳು. ಪಕ್ಕದವಳಿಗೆ ಬಾಟ್ಲಿಯೆಂದರೇ ನಡುಕ. "ನಂಗ ಸಲಾಯಿನ್ ಬ್ಯಾಡ್ರಿ ಯಕ್ಕಾ, ಗುಳಗಿನೇ ಇರ್ಲಿ." ಮೂರನೆಯವಳು ಇನ್ನೂ ಎಳೆಯ ಹುಡುಗಿ, ಚೊಚ್ಚಲು. ಏನು ಕೇಳಿದರೂ ಅತ್ತೆಯ ಮುಖ ನೋಡಿ, ನೆಲ ನೋಡಿ, "ನೀವು ಹೆಂಗಂತೀರಿ ಹಂಗ್ರಿ" ಎನ್ನುತ್ತಿದ್ದಳು. ಒಂದೇ ಬೆಂಚು, ಒಂದೇ ಕಾಯಿಲೆ, ಮೂರು ಮನಸ್ಸು.

ಇದು ಸಣ್ಣ ಕಾಯಿಲೆಯಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ನೂರಕ್ಕೆ 52.2 ಜನಕ್ಕೆ ರಕ್ತಹೀನತೆ. ಸರ್ಕಾರ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ. 180 ದಿನ ತಪ್ಪದೆ ನುಂಗಬೇಕು. ಹೊಟ್ಟೆ ತೊಳಸುವುದು, ಮಲ ಕಪ್ಪಾಗುವುದು, ಮಲಬದ್ಧತೆ ಎಲ್ಲ ಇದರ ಜೊತೆಗೇ ಬರುತ್ತವೆ. ಹಾಗಾದರೆ ಕಬ್ಬಿಣವನ್ನು ನೇರ ರಕ್ತನಾಳಕ್ಕೆ ಏರಿಸಿದರೆ ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ದೊಡ್ಡ ಪ್ರಯೋಗ ನಡೆದದ್ದು ನಮ್ಮ ರಾಜ್ಯದಲ್ಲಿ ಮತ್ತು ರಾಜಸ್ಥಾನದಲ್ಲಿ. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಮುಂಚೂಣಿಯಲ್ಲಿದ್ದ, 'ರ‍್ಯಾಪಿಡ್‌ಐರನ್' ಎಂಬ ಹೆಸರಿನ ಆ ಪ್ರಯೋಗ 2021ರಲ್ಲಿ ಆರಂಭವಾಯಿತು. ಮಧ್ಯಮ ಪ್ರಮಾಣದ ರಕ್ತಹೀನತೆ ಇರುವ 4,320 ಬಸುರಿಯರನ್ನು ಮೂರು ಗುಂಪಿಗೆ ಹಂಚುವ ಯೋಜನೆ ಅದು. ಒಂದು ಗುಂಪಿಗೆ ಮಾತ್ರೆ, ಉಳಿದ ಎರಡಕ್ಕೆ ಎರಡು ಬೇರೆ ಬೇರೆ ಬಗೆಯ ಕಬ್ಬಿಣದ ದ್ರಾವಣ.

ಈಗ ನಮ್ಮ ಬೆಂಚಿನ ಹೆಣ್ಣುಮಕ್ಕಳನ್ನು ಇಂಥ ಪ್ರಯೋಗಕ್ಕೆ ಸೇರಿಸಿದೆವು ಎಂದುಕೊಳ್ಳಿ. ಬಾಟ್ಲಿ ಬೇಕೆಂದವಳಿಗೆ ಚೀಟಿಯಲ್ಲಿ ಗುಳಿಗೆ ಬರುತ್ತದೆ. ಅವಳು ಸುಮ್ಮನೆ ಪೊಟ್ಟಣ ಮನೆಗೊಯ್ದು ಗೂಡಿನಲ್ಲಿ ಇಡುತ್ತಾಳೆ. ಎರಡು ದಿನ ನುಂಗಿ, ಮೂರನೇ ದಿನ ಬಿಡುತ್ತಾಳೆ. ಬಾಟ್ಲಿಗೆ ಹೆದರುವವಳಿಗೆ ಬಾಟ್ಲಿ ಬಂದರೆ ಹೇಳಿದ ದಿನ ದವಾಖಾನೆಗೆ ಬರುವುದೇ ಇಲ್ಲ, ತವರಿಗೆ ಹೋದೆ ಎನ್ನುತ್ತಾಳೆ. ಕೊನೆಗೆ ಲೆಕ್ಕ ತೆಗೆದಾಗ 'ಮಾತ್ರೆ ಗುಂಪಿನಲ್ಲಿ ಹಿಮೋಗ್ಲೋಬಿನ್ ಏರಲಿಲ್ಲ' ಎಂದು ಬರುತ್ತದೆ. ಸೋತದ್ದು ಮಾತ್ರೆಯೋ, ಬೇಸತ್ತ ಮನಸ್ಸೋ? ಕಾಗದದ ಮೇಲೆ ಎರಡೂ ಒಂದೇ ಅಂಕಿ.

ಎಲ್ಲ ಪ್ರಯೋಗಗಳಲ್ಲೂ ಈ ತೊಡಕು ಇರುವುದಿಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ 1,620 ಹೆಂಗಸರ ಮೇಲೆ ನಡೆದ ಮಿಸೊಪ್ರೊಸ್ಟಾಲ್ ಪ್ರಯೋಗ ಜಗತ್ತಿಗೇ ಪಾಠವಾಯಿತು. ಹೆರಿಗೆಯಾದ ಕೂಡಲೇ ಕೊಡುವ ಆ ಮಾತ್ರೆ, ಹೆರಿಗೆಯ ನಂತರದ ಅತಿ ರಕ್ತಸ್ರಾವವನ್ನು ನೂರಕ್ಕೆ 12ರಿಂದ 6.4ಕ್ಕೆ ಇಳಿಸಿತು. ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ಹಳ್ಳಿಯ ಎಎನ್‌ಎಂ ಸಿಸ್ಟರುಗಳು. ಅಲ್ಲಿ ನಿಜವಾದ ಮಾತ್ರೆ, ಔಷಧವಿಲ್ಲದ ಹುಸಿ ಮಾತ್ರೆ ಎರಡೂ ನೋಡಲು ಒಂದೇ ಥರ ಇದ್ದವು. ಯಾರಿಗೆ ಯಾವುದು ಸಿಕ್ಕಿತೆಂದು ಬಾಣಂತಿಗೂ ಗೊತ್ತಿಲ್ಲ, ಸಿಸ್ಟರಿಗೂ ಗೊತ್ತಿಲ್ಲ. ಬೆಂಗಳೂರಿನಲ್ಲಿ 11,000 ಚೊಚ್ಚಲ ಬಸುರಿಯರಲ್ಲಿ ಕ್ಯಾಲ್ಸಿಯಂ ಹೆಚ್ಚು ಬೇಕೋ ಕಡಿಮೆ ಸಾಕೋ ಎಂದು ನೋಡಿ 2024ರಲ್ಲಿ ಪ್ರಕಟವಾದ ಅಧ್ಯಯನವೂ ಹೀಗೇ ಗುಟ್ಟು ಕಾಪಾಡಿಕೊಂಡದ್ದು. ಏನು ಸಿಕ್ಕಿತೆಂದೇ ತಿಳಿಯದಿದ್ದಾಗ ಸಿಕ್ಕದ್ದಕ್ಕೆ ಮುನಿಸಿಕೊಳ್ಳುವ ಮಾತಿಲ್ಲ. ಆದರೆ ಗುಳಿಗೆಗೂ ಬಾಟ್ಲಿಗೂ ವ್ಯತ್ಯಾಸ ಮುಚ್ಚಿಡಲು ಯಾರಿಂದಾದೀತು? ಆಪರೇಷನ್ ಮತ್ತು ಮಾತ್ರೆ, ಆಪರೇಷನ್ ಮತ್ತು ವ್ಯಾಯಾಮ, ಆಸ್ಪತ್ರೆ ಮತ್ತು ಮನೆ ಇಂಥ ಹೋಲಿಕೆಗಳಲ್ಲಿ ರೋಗಿಯ ಇಷ್ಟಾನಿಷ್ಟ ಪ್ರಯೋಗದ ಒಳಗೇ ಬಂದು ಕೂತಿರುತ್ತದೆ.

ಅದು ಹೇಗೆ ಇಡೀ ಪ್ರಯೋಗವನ್ನೇ ಅಲ್ಲಾಡಿಸಬಲ್ಲದು ಎಂಬುದಕ್ಕೆ ಬೆನ್ನುನೋವಿನ ಒಂದು ಕಥೆಯುಂಟು. ಲಿಂಗಸುಗೂರು ಕಡೆ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದವರನ್ನೋ, ವರ್ಷಗಟ್ಟಲೆ ಬಗ್ಗಿ ನಾಟಿ ಹಚ್ಚಿದ ಹೆಂಗಸರನ್ನೋ ಕೇಳಿ ನೋಡಿ. ಸೊಂಟದಿಂದ ಕಾಲಿಗೆ ಇಳಿಯುವ ನೋವು ಅವರಿಗೆ ಹೊಸದಲ್ಲ. ಬೆನ್ನಿಗೆ ಕತ್ತಿ ತಾಗಿಸಿದರೆ ಕಾಲೇ ಹೋಗುತ್ತದೆಂದು ನಂಬಿದವರು ಒಂದು ಕಡೆ, ಸಾಲ ಮಾಡಿಯಾದರೂ ಆಪರೇಷನ್ ಮಾಡಿಸಿಬಿಡಬೇಕು ಎನ್ನುವವರು ಇನ್ನೊಂದು ಕಡೆ. ಇದೇ ನೋವಿಗೆ ಆಪರೇಷನ್ ಮೇಲೋ, ಇಲ್ಲದೆ ನೋಡಿಕೊಳ್ಳುವುದು ಮೇಲೋ ಎಂದು ತಿಳಿಯಲು ಅಮೆರಿಕದ 13 ಆಸ್ಪತ್ರೆಗಳಲ್ಲಿ 'ಸ್ಪೋರ್ಟ್' ಎಂಬ ಪ್ರಯೋಗ ನಡೆಯಿತು. ಬೆನ್ನುಮೂಳೆಯ ಡಿಸ್ಕ್ ಜಾರಿದ 501 ಜನ ಚೀಟಿಗೆ ಒಪ್ಪಿದರು. ಚೀಟಿ ಬೇಡ, ನಮಗೆ ಬೇಕಾದದ್ದನ್ನೇ ಮಾಡಿಸಿಕೊಳ್ಳುತ್ತೇವೆ ಎಂದ 743 ಜನರನ್ನು ಬೇರೆಯಾಗಿ ಗಮನಿಸಿದರು. 2006ರಲ್ಲಿ ಫಲಿತಾಂಶ ಬಂದಾಗ ಕಂಡದ್ದೇನು? ಚೀಟಿಯಲ್ಲಿ ಆಪರೇಷನ್ ಬಂದವರಲ್ಲಿ ಮೂರು ತಿಂಗಳೊಳಗೆ ಅದನ್ನು ಮಾಡಿಸಿಕೊಂಡವರು ಅರ್ಧದಷ್ಟೇ. ಚೀಟಿಯಲ್ಲಿ ಆಪರೇಷನ್ ಇಲ್ಲವೆಂದು ಬಂದವರಲ್ಲಿ ನೂರಕ್ಕೆ 30 ಜನ ಅಷ್ಟೇ ಸಮಯದಲ್ಲಿ ಹೋಗಿ ಕೊಯ್ಯಿಸಿಕೊಂಡಿದ್ದರು. ಪ್ರಯೋಗದ ನಿಯಮದ ಪ್ರಕಾರ ಯಾರು ಏನೇ ಮಾಡಿಸಿಕೊಂಡರೂ ಚೀಟಿಯಲ್ಲಿ ಬಂದ ಗುಂಪಿನಲ್ಲೇ ಎಣಿಸಬೇಕು. ಎಣಿಸಿದಾಗ ಎರಡು ಗುಂಪುಗಳ ನಡುವಿನ ಅಂತರ ಖಚಿತವಾಗಿ ಹೇಳಲಾಗದಷ್ಟು ತೆಳುವಾಗಿತ್ತು. ಆಗುವುದೇ ಹಾಗೆ, ಎರಡು ಕಾಲುವೆಯ ನೀರು ನಡುವೆಯೇ ಕಲೆತುಹೋದ ಮೇಲೆ ಯಾವುದರಲ್ಲಿ ಎಷ್ಟು ಹರಿಯಿತೆಂದು ಅಳೆಯುವುದು ಹೇಗೆ?

ಹಾಗೆಂದು ಚೀಟಿಯನ್ನೇ ಎಸೆದುಬಿಡಿ ಎಂದು ನಾನು ಹೇಳುತ್ತಿಲ್ಲ. ಚೀಟಿಯಿಂದ ರೋಗಿಗಳಿಗೆ ಆದ ಉಪಕಾರ ದೊಡ್ಡದು. ಕ್ಷಯ ಬಂದವರು ಊರು, ಮನೆ, ಕೂಲಿ ಬಿಟ್ಟು ಸ್ಯಾನಟೋರಿಯಂ ಸೇರಲೇಬೇಕು ಎಂಬ ಕಾಲವಿತ್ತು. 1956ರಲ್ಲಿ ಮದರಾಸಿನಲ್ಲಿ 193 ಬಡ ರೋಗಿಗಳನ್ನು ಚೀಟಿಯಂತೆ ಹಂಚಿ, ಕೆಲವರಿಗೆ ಸ್ಯಾನಟೋರಿಯಂನಲ್ಲಿ, ಕೆಲವರಿಗೆ ಅವರವರ ಮನೆಯಲ್ಲೇ ಔಷಧ ಕೊಟ್ಟರು. ಇಕ್ಕಟ್ಟಿನ ಮನೆ, ಅರೆಹೊಟ್ಟೆಯ ಊಟ ಇದ್ದರೂ ಮನೆಯಲ್ಲಿದ್ದವರು ಸ್ಯಾನಟೋರಿಯಂನವರಿಗೆ ಸರಿಸಮನಾಗಿ ಗುಣವಾದರು. 1959ರಲ್ಲಿ ಆ ವರದಿ ಬಂತು. ಅದೇ ವರ್ಷ ಬೆಂಗಳೂರಿನಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಮನೆಯಲ್ಲಿದ್ದುಕೊಂಡೇ ಔಷಧ ತೆಗೆದುಕೊಳ್ಳುವ ರಾಷ್ಟ್ರೀಯ ಕಾರ್ಯಕ್ರಮವನ್ನು ರೂಪಿಸಿತು. ಇವತ್ತು ನಮ್ಮ ಕ್ಷಯರೋಗಿ ಮನೆಯ ಕಟ್ಟೆಯ ಮೇಲೆ ಕೂತು ಗುಳಿಗೆ ನುಂಗುವುದರ ಹಿಂದೆ ಆ ಚೀಟಿಯ ಋಣವಿದೆ. ಹಾಗಾಗಿ ಚೀಟಿಯೂ ಉಳಿಯಬೇಕು, ರೋಗಿಯ ಮಾತೂ ಲೆಕ್ಕಕ್ಕೆ ಬರಬೇಕು. ಎರಡನ್ನೂ ಒಂದೇ ನೊಗಕ್ಕೆ ಹೂಡುವುದು ಹೇಗೆಂದು ಸಂಖ್ಯಾಶಾಸ್ತ್ರಜ್ಞರು ನಾಲ್ಕೈದು ದಶಕಗಳಿಂದ ತಲೆ ಕೆಡಿಸಿಕೊಂಡಿದ್ದಾರೆ.

ಮೊದಲು ಬಂದ ಉಪಾಯ ನನಗೆ ಸ್ವಲ್ಪವೂ ಹಿಡಿಸದು. 1979ರಲ್ಲಿ ಮಾರ್ವಿನ್ ಜೆಲೆನ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞ, ಮೊದಲು ಚೀಟಿ ಎತ್ತಿ ಆಮೇಲೆ ಒಪ್ಪಿಗೆ ಕೇಳೋಣ ಎಂದ. ಅದರಲ್ಲೂ ಒಂದು ಬಗೆಯಲ್ಲಿ, ಹಳೆಯ ಚಿಕಿತ್ಸೆಯೇ ಬಂದವರಿಗೆ ಏನೂ ಹೇಳುವುದೇ ಇಲ್ಲ. ಸೇರುವವರ ಸಂಖ್ಯೆ ಏರಬಹುದು, ಆದರೆ ನಂಬಿ ಬಂದವರಿಗೆ ಹೇಳದೆ ಲೆಕ್ಕಕ್ಕೆ ಹಿಡಿಯುವುದು ನ್ಯಾಯವಲ್ಲ.

ಹತ್ತು ವರ್ಷ ಕಳೆದು 1989ರಲ್ಲಿ ಬ್ರೂಯಿನ್ ಮತ್ತು ಬ್ರ್ಯಾಡ್ಲಿ ಎಂಬಿಬ್ಬರು ಬ್ರಿಟನ್ನಿನಲ್ಲಿ ಸರಳವಾದ ದಾರಿ ಹೇಳಿದರು. ಬಂದವರನ್ನು ಕೇಳಿ. ಇಂಥದೇ ಬೇಕೆಂದು ಗಟ್ಟಿಯಾಗಿ ಹೇಳಿದವರಿಗೆ ಅದನ್ನೇ ಕೊಡಿ. ಯಾವುದಾದರೂ ಆದೀತು ಎಂದವರಿಗೆ ಮಾತ್ರ ಚೀಟಿ ಎತ್ತಿ. ಎಲ್ಲರನ್ನೂ ಕೊನೆಯವರೆಗೆ ಗಮನಿಸಿ. ಸ್ಕಾಟ್‌ಲೆಂಡಿನ ಅಬರ್ಡೀನ್‌ನಲ್ಲಿ ಗರ್ಭಪಾತಕ್ಕೆ ಬಂದ 363 ಹೆಂಗಸರಲ್ಲಿ ಹೀಗೆ ಮಾಡಿ 1993ರಲ್ಲಿ ಪ್ರಕಟಿಸಿದರು. 73 ಜನ ಮಾತ್ರೆ ಬೇಕೆಂದರು, 95 ಜನ ಶಸ್ತ್ರಕ್ರಿಯೆ ಬೇಕೆಂದರು, 195 ಜನ ಚೀಟಿಗೆ ಒಪ್ಪಿದರು. ಕೇಳದೆ ಹೋಗಿದ್ದರೆ ಅರ್ಧಕ್ಕರ್ಧ ಹೆಂಗಸರು ಪ್ರಯೋಗದಿಂದ ಹೊರಗೆ ನಡೆದುಬಿಡುತ್ತಿದ್ದರು ಅಥವಾ ಒಳಗೊಳಗೇ ನೊಂದುಕೊಂಡು ಉಳಿಯುತ್ತಿದ್ದರು. ಈ ವಿಧಾನದಲ್ಲಿ ಗೌರವವಿದೆ. ಕೊರತೆ ಇರುವುದು ಲೆಕ್ಕದಲ್ಲಿ. ನಮ್ಮ ಬೆಂಚಿಗೆ ಇದನ್ನು ಹೊಂದಿಸಿ ನೋಡಿದರೆ, ತಾವಾಗಿ ಬಾಟ್ಲಿ ಆರಿಸಿಕೊಂಡವರು ಬಸ್ ಚಾರ್ಜಿಗೆ ದುಡ್ಡಿದ್ದವರೂ, ದವಾಖಾನೆ ಹತ್ತಿರವಿದ್ದವರೂ ಆಗಿರಬಹುದು. ಅವರು ಚೇತರಿಸಿಕೊಂಡರೆ ಶ್ರೇಯಸ್ಸು ಬಾಟ್ಲಿಗೋ ಬಸ್ಸಿಗೋ? ಕಾಲುವೆ ಮಗ್ಗುಲಿನ ಮಡಿಯ ಹಳೇ ಸಮಸ್ಯೆ ಮತ್ತೆ ಬಾಗಿಲಿಗೆ ಬಂತು.

ನನಗೆ ಜಾಣತನದ್ದೆಂದು ಕಂಡದ್ದು ಎರಡು ಹಂತದ ಚೀಟಿ. ಜರ್ಮನಿಯ ರ‍್ಯೂಕರ್ 1989ರಲ್ಲಿ ಇದರ ಗಣಿತ ಹೇಳಿದರು, ಆಮೇಲೆ ಅಮೆರಿಕದ ವೆನ್‌ಬರ್ಗ್ ಮತ್ತು ಸಂಗಡಿಗರು ಪ್ರಚಾರಕ್ಕೆ ತಂದರು. ಇಲ್ಲಿ ಮೊದಲ ಚೀಟಿ ಔಷಧದ್ದಲ್ಲ, ಆಯ್ಕೆಯದ್ದು. ಅರ್ಧ ಜನಕ್ಕೆ 'ನಿಮಗೆ ಬೇಕಾದದ್ದನ್ನು ಆರಿಸಿಕೊಳ್ಳಿ' ಎಂಬ ಚೀಟಿ, ಉಳಿದರ್ಧಕ್ಕೆ 'ನಿಮಗೆ ಇನ್ನೊಂದು ಚೀಟಿ' ಎಂಬ ಚೀಟಿ. ಲೆಕ್ಕ ಹಿಡಿದು ನೋಡಿದರೆ ಇದರ ಸೊಗಸು ತಿಳಿಯುತ್ತದೆ. ಮುಂದಿನ ಅಂಕಿಗಳು ವಿವರಣೆಗಾಗಿ ನಾನು ಹಿಡಿದವು, ಯಾವ ಪ್ರಯೋಗದವೂ ಅಲ್ಲ. ಒಟ್ಟು 400 ಬಸುರಿಯರು. 200 ಜನಕ್ಕೆ ಆಯ್ಕೆ ಬಂತು. ಅವರಲ್ಲಿ 120 ಜನ ಬಾಟ್ಲಿ ಎಂದರು, 80 ಜನ ಗುಳಿಗೆ ಎಂದರು. ಬಾಟ್ಲಿಯನ್ನು ಬೇಡಿ ಪಡೆದ ಆ 120 ಜನರ ಹಿಮೋಗ್ಲೋಬಿನ್ ಸರಾಸರಿ 2.5 ಗ್ರಾಂ ಏರಿತು. ಇನ್ನು ಚೀಟಿಯ ಗುಂಪಿನಲ್ಲಿ ಬಾಟ್ಲಿ ಬಂದವರ ಸರಾಸರಿ ಏರಿಕೆ 2.3. ಮೊದಲ ಹಂಚಿಕೆಯೂ ಚೀಟಿಯಿಂದಲೇ ಆದದ್ದರಿಂದ, ಈ ಗುಂಪಿನಲ್ಲೂ ಮನಸ್ಸಿನೊಳಗೆ ಬಾಟ್ಲಿ ಬಯಸಿದವರು ನೂರಕ್ಕೆ ಸುಮಾರು 60, ಗುಳಿಗೆ ಬಯಸಿದವರು 40 ಇರಲೇಬೇಕು. ಬಾಟ್ಲಿ ಬಯಸಿದ 60 ಪಾಲಿನವರ ಏರಿಕೆ 2.5 ಆದರೆ, ಒಟ್ಟು ಸರಾಸರಿ 2.3 ಬರಲು ಉಳಿದ 40 ಪಾಲಿನವರ ಏರಿಕೆ 2 ಆಗಿರಬೇಕು. ಅಂದರೆ ಅದೇ ಬಾಟ್ಲಿ, ಬೇಕೆಂದವರಲ್ಲಿ ಎರಡೂವರೆ, ಬೇಡವೆಂದವರಲ್ಲಿ ಎರಡು. ಚೀಟಿ ಗುಂಪಿನವರ ಬಾಯಿಂದ ಒಂದು ಮಾತೂ ಹೊರಡಿಸದೆ ಅವರ ಮನಸ್ಸಿನ ತೂಕ ಸಿಕ್ಕಿತು. ಗುಳಿಗೆಯ ಕಡೆಗೂ ಇದೇ ಲೆಕ್ಕ ಹಾಕಿದರೆ, ಔಷಧದಿಂದ ಎಷ್ಟು, ಆರಿಸಿಕೊಳ್ಳುವವರ ಸ್ಥಿತಿಗತಿಯಿಂದ ಎಷ್ಟು, ಬೇಕಾದದ್ದು ಸಿಕ್ಕ ನೆಮ್ಮದಿಯಿಂದ ಎಷ್ಟು ಎಂದು ಮೂರನ್ನೂ ಬಿಡಿಸಿ ಇಡಬಹುದು. ತೊಡಕೆಂದರೆ ಜನ ಬಹಳ ಬೇಕು. ಎಲ್ಲರೂ ಒಂದನ್ನೇ ಆರಿಸಿಕೊಂಡರಂತೂ ಲೆಕ್ಕ ನಿಂತೇಹೋಗುತ್ತದೆ.

ಇಷ್ಟು ದೊಡ್ಡದನ್ನು ಮಾಡಲಾಗದ ಕಡೆಗೆ ಅಗ್ಗದ ದಾರಿಯೊಂದಿದೆ. ಬ್ರಿಟನ್ನಿನ ಡೇವಿಡ್ ಟೊರ್ಗರ್‌ಸನ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಹೇಳಿದ್ದು ಇದು. ಎಲ್ಲರಿಗೂ ಚೀಟಿಯೇ ಇರಲಿ, ಆದರೆ ಚೀಟಿ ಎತ್ತುವ ಮುನ್ನ ಪ್ರತಿಯೊಬ್ಬರನ್ನೂ ಕೇಳಿ, ಉತ್ತರ ಬರೆದಿಟ್ಟುಕೊಳ್ಳಿ. ಕೊನೆಯಲ್ಲಿ ಬೇಕಾದದ್ದು ಸಿಕ್ಕವರು, ಸಿಗದವರು, ಯಾವುದಾದರೂ ಸರಿ ಎಂದವರು ಎಂದು ವಿಂಗಡಿಸಿ ನೋಡಿ. ಒಂದು ಪ್ರಶ್ನೆ, ಅರ್ಜಿಯಲ್ಲಿ ಒಂದು ಸಾಲು, ಅಷ್ಟೇ ಖರ್ಚು. ಹೀಗೆ ಕೇಳಿದ ಮೇಲೆ ಸಿಕ್ಕ ಉತ್ತರಗಳು ಏಕರೂಪವಾಗಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಬೆನ್ನುನೋವಿನ 187 ರೋಗಿಗಳಿಗೆ ವ್ಯಾಯಾಮ ಮಾಡಿಸಿ ನೋಡಿ 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಷ್ಟಾನಿಷ್ಟಕ್ಕೂ ಫಲಿತಾಂಶಕ್ಕೂ ಸಂಬಂಧ ಕಾಣಲಿಲ್ಲ. ಆದರೆ ಮೂಳೆ, ಕೀಲು, ಸ್ನಾಯುಗಳ ನೋವಿನ ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2008ರಲ್ಲಿ ನೋಡಿದಾಗ, ಬೇಕಾದದ್ದೇ ಸಿಕ್ಕವರು ಯಾವುದಾದರೂ ಸರಿ ಎಂದವರಿಗಿಂತ ತುಸು ಹೆಚ್ಚು ಚೇತರಿಸಿಕೊಂಡಿದ್ದರು. ಕೆಲವು ಕಾಯಿಲೆಗಳಲ್ಲಿ ಮನಸ್ಸಿನ ಪಾತ್ರ ಹೆಚ್ಚು, ಕೆಲವಲ್ಲಿ ಕಡಿಮೆ. ಎಷ್ಟೆಂಬುದು ಕೇಳಿದರೆ ತಾನೇ ತಿಳಿಯುವುದು?

ಕೇಳುವುದೆಂದರೆ ಹೇಗೆ ಕೇಳುವುದು? ನಮ್ಮ ಭಾಗದ ನಿಜವಾದ ಕಷ್ಟ ಇಲ್ಲಿದೆ. ಲಂಡನ್ನಿನ ರೋಗಿ 'ನನಗೆ ಆಪರೇಷನ್ ಬೇಡ' ಎಂದು ಡಾಕ್ಟರ ಮುಖ ನೋಡಿ ಹೇಳುತ್ತಾನೆ. ಮಸ್ಕಿಯ ಸೊಸೆ ಹೇಳುವುದಿಲ್ಲ. ಅವಳು "ನೀವು ಹೆಂಗಂತೀರಿ ಹಂಗ್ರಿ" ಎಂದದ್ದನ್ನು 'ಯಾವುದಾದರೂ ಸರಿ' ಎಂಬ ಕಾಲಂನಲ್ಲಿ ಬರೆದುಕೊಂಡರೆ ಅದು ಸುಳ್ಳು ದಾಖಲೆ. ದೊಡ್ಡವರ ಮುಂದೆ ಬೇಡ ಎನ್ನಬಾರದೆಂಬ ನಮ್ಮ ಮನೆಯ ಪಾಠ ಆ ಉತ್ತರದಲ್ಲಿದೆ, ಅವಳ ಮನಸ್ಸು ಅದರ ಹಿಂದೆಲ್ಲೋ ಇದೆ. ಎಷ್ಟೋ ಸಲ ಉತ್ತರ ಅತ್ತೆಯದಾಗಿರುತ್ತದೆ, ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದರೆ ಫೋನಿನಲ್ಲಿ ಬಂದ ಅಪ್ಪಣೆಯಾಗಿರುತ್ತದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಓದು ಬಾರದವರ ಒಪ್ಪಿಗೆಗೆ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಇರಬೇಕು ಎನ್ನುತ್ತವೆ. ಒಳ್ಳೆಯದೇ. ಆದರೆ ಸಾಕ್ಷಿಯ ಎದುರು ಹೆಬ್ಬೆಟ್ಟು ಒತ್ತಿಸುವುದರಿಂದ ಒಪ್ಪಿಗೆ ಸಿಗಬಹುದು, ಮನದ ಮಾತು ಸಿಗುವುದಿಲ್ಲ. ಅದನ್ನು ಕೇಳಬೇಕಾದವರು ಅವಳ ಓಣಿಯ ಆಶಾ, ಬಿಡುವಾಗಿ, ಒಬ್ಬಳೇ ಇರುವಾಗ, ಅವಳದೇ ಮಾತಿನಲ್ಲಿ.

ಇಷ್ಟವೆಂಬುದು ಕಲ್ಲಿನಲ್ಲಿ ಕೊರೆದದ್ದೂ ಅಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡು, ರಕ್ತನಾಳಕ್ಕೆ ಏರಿಸಿದ ದ್ರಾವಣದ ಮೇಲೆ ಸಂಶಯ ಬಂದ ಸುದ್ದಿ ನಮ್ಮ ಊರುಗಳಿಗೆ ಮುಟ್ಟಲು ಒಂದು ದಿನವೂ ಹಿಡಿಯಲಿಲ್ಲ. ಅದಾದ ಮೇಲೆ ಬಾಟ್ಲಿ ಕಂಡರೆ ಹೆದರುವ ಹೆಣ್ಣುಮಗಳಿಗೆ ತಿಳುವಳಿಕೆ ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವಳ ಭಯಕ್ಕೆ ಕಾರಣವಿದೆ. ಆ ಕಾರಣವನ್ನು ಕೇಳಿಸಿಕೊಂಡು, ಈ ಬಾಟ್ಲಿಯಲ್ಲಿ ಏನಿದೆ, ಏರಿಸುವಾಗ ಪಕ್ಕದಲ್ಲಿ ಯಾರಿರುತ್ತಾರೆ, ಮೈ ಕಡಿತ ಬಂದರೆ ಏನು ಮಾಡುತ್ತಾರೆ ಎಂದು ಹೇಳಿದರೆ ಭಯ ಇಳಿಯಬಹುದು, ಇಳಿಯದೆಯೂ ಇರಬಹುದು. ಬ್ರಿಟನ್ನಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ 'ಪ್ರೊಟೆಕ್ಟ್' ಪ್ರಯೋಗದಲ್ಲಿ ಹೀಗೆ ರೋಗಿಗಳ ಒಲವನ್ನು ಮೊದಲು ಪೂರ್ತಿ ಕೇಳಿಸಿಕೊಂಡು, ಆಮೇಲೆ ಎಲ್ಲ ದಾರಿಗಳನ್ನೂ ವಿವರಿಸುವ ಅಭ್ಯಾಸ ಮಾಡಿದರು. ಅರ್ಹರಾದ 2,664 ಜನರಲ್ಲಿ 1,643 ಜನ ಚೀಟಿಗೆ ಒಪ್ಪಿದರು. ಆಪರೇಷನ್, ರೇಡಿಯೇಷನ್, ಸುಮ್ಮನೆ ಗಮನಿಸುವುದು ಎಂಬಷ್ಟು ದೂರದೂರದ ಮೂರು ಚಿಕಿತ್ಸೆಗಳ ನಡುವೆ ಅಷ್ಟು ಜನ ಒಪ್ಪಿದ್ದು ಸಾಮಾನ್ಯವಲ್ಲ.

ನಮ್ಮ ತಾಯಿ ಕಾರ್ಡಿನಲ್ಲಿ ತೂಕಕ್ಕೆ ಜಾಗವಿದೆ, ರಕ್ತದೊತ್ತಡಕ್ಕೆ ಜಾಗವಿದೆ, ಹಿಮೋಗ್ಲೋಬಿನ್ನಿಗೆ, ಕೊಟ್ಟ ಗುಳಿಗೆಯ ಲೆಕ್ಕಕ್ಕೆ ಜಾಗವಿದೆ. ಯಾವುದು ಬೇಕೆಂದು ಅವಳು ಹೇಳಿದ್ದಕ್ಕೆ ಜಾಗವಿಲ್ಲ. ಪ್ರಯೋಗ ಮಾಡುವವರು ತಮ್ಮ ಅರ್ಜಿಗೆ ಆ ಒಂದು ಸಾಲನ್ನು ಸೇರಿಸಿಕೊಳ್ಳಲಿ. ಸಾಲಿನ ಮುಂದೆ 'ಏಕೆ' ಎಂದು ಬರೆಯಲು ಇನ್ನಷ್ಟು ಜಾಗ ಬಿಡಲಿ.

ಆ ದಿನ ಮಧ್ಯಾಹ್ನ ಬಸ್ಸಿಗೆ ಕಾಯುತ್ತಾ ಬೇವಿನ ಮರದ ಕೆಳಗೆ ನಿಂತಿದ್ದೆವು. ಅತ್ತೆ ನೀರು ಕುಡಿಯಲು ಆಚೆ ಹೋದಾಗ, ನೆಲ ನೋಡುತ್ತಿದ್ದ ಚೊಚ್ಚಲ ಬಸುರಿ ಆಶಾಳ ಹತ್ತಿರ ಸರಿದು ಮೆಲ್ಲಗೆ ಅಂದಳು: "ಅಕ್ಕಾ, ಸ್ವಾಮಾರ ಆದ್ರ ಬಾಟ್ಲಿ ಹಚ್ಚಿಸ್ಕೋತೀನ್ರಿ. ಮಂಗಳಾರದಿಂದ ನಾಟಿ ಐತಿ, ಆಮ್ಯಾಲ ಬರಾಕಾಗಂಗಿಲ್ಲ." ಆಶಾ ಚೀಲದಿಂದ ಡೈರಿ ತೆಗೆದು, ಸೋಮವಾರದ ಮುಂದೆ ಅವಳ ಹೆಸರು ಬರೆದುಕೊಂಡಳು.